ನಾಲ್ಕರಿಂದ ಏಳರವರೆಗೆ

ವಾರ್ಡೋ,
ಮಾರ್ಚ್ ೯

ಮುದ್ದು ತೋರ್ಡಿಸ್,

ನನ್ನ ಕೈಬರಹ ಕಂಡೊಡನೆ ಹರಿದು ಹಾಕಬೇಡ. ಕೋರ್ಟಿನ ಮೆಟ್ಟಿಲ ಮೇಲೆ ನೀನು ಮುಖ ತಿರುಗಿಸಿ ಹೋಗಿ ಐದು ತಿಂಗಳಾಯಿತು. ನಿನ್ನ ಅಣ್ಣ ಐವಿಂದ್ ಬಿಡುಗಡೆಯಾದದ್ದು ನನ್ನ ಸಾಕ್ಷಿಯಿಂದಲೇ ಎಂದು ನೀನಂದೆ. ನಿಜ.

ಅವನ ಹೆಂಡತಿ ಮರಿತ್‌ಳ ತಲೆಗೆ ಆರು ಏಟು ಬಿದ್ದಿದ್ದವು. ರಕ್ತದ ಕಲೆ ಪರೀಕ್ಷಿಸಿದ ತಜ್ಞೆ ಅಡುಗೆಮನೆ ಗೋಡೆಯ ಚಿತ್ರ ತೋರಿಸಿ, ಮೊದಲ ಏಟಿಗೇ ಆಕೆ ನೆಲಕ್ಕುರುಳಿದ್ದಳು, ಉಳಿದ ಐದೂ ಬಿದ್ದವಳ ಮೇಲೆ ಎಂದಳು. ಮರಿತ್‌ಳ ತಾಯಿ ಬಾಯಿಗೆ ಕರವಸ್ತ್ರ ತುರುಕಿಕೊಂಡಳು. ಸುತ್ತಿಗೆಯ ಹಿಡಿಯ ಮೇಲೆ ಐವಿಂದ್‌ನ ಬೆರಳಚ್ಚಿತ್ತು. ಅವನ ವಕೀಲ ನಕ್ಕುಬಿಟ್ಟ: "ಅವನ ಮನೆ ಸುತ್ತಿಗೆ ಮೇಲೆ ಅವನದಲ್ದೆ ಪಕ್ಕದ್ಮನೆಯವ್ರ ಬೆರಳಚ್ಚು ಇರತ್ತಾ?" ಅವನು ಓಡಿಹೋದದ್ದನ್ನು ಕಂಡೆನೆಂದ ಎದುರುಮನೆಯ ಮುದುಕ, ಹಿಂದಿನ ವರ್ಷದ ನವೆಂಬರಿನ ಕತ್ತಲಲ್ಲಿ ಏನು ಕಂಡಿತು ಎಂದು ಕೇಳಿದ್ದಕ್ಕೆ ತಡವರಿಸಿದ.

ಉಳಿದವಳು ನಾನು. "ನೀವು ತಾಯಿ. ಸಾಕ್ಷಿ ಹೇಳ್ಲೇಬೇಕು ಅಂತೇನಿಲ್ಲ" ಎಂದರು ನ್ಯಾಯಾಧೀಶೆ. ಆದರೂ ಹೇಳಿದೆ: ಕೊಲೆಯಾದ ಸಂಜೆ ನಾಲ್ಕರಿಂದ ಏಳರವರೆಗೆ ಮಗ ನನ್ನ ಮನೆಯಲ್ಲೇ ಮಲಗಿದ್ದ.

ಅದು ಸುಳ್ಳು. ಅವನು ಬಂದದ್ದು ಆರೂವರೆಗೆ. ಅವನ ಸ್ವೆಟರನ್ನು ಮೂರು ಸಲ ತಣ್ಣೀರಲ್ಲಿ ತೊಳೆದೆ, ಕಲೆ ಹೋಗಲಿಲ್ಲ, ಒಲೆಗೆ ಹಾಕಿದೆ.

ಹೋದ ಭಾನುವಾರ ಸುನ್ನಿವಾ ಎಂಬ ಹುಡುಗಿಯನ್ನು ಊಟಕ್ಕೆ ಕರೆತಂದಿದ್ದ. ಅವನು ಹೇಳುತ್ತಿದ್ದ ಯಾವುದೋ ಕತೆಯನ್ನು ಅವಳು ನಗುತ್ತ ತಿದ್ದಿದಳು. ಮೇಜಿನಡಿ ಅವಳ ಕಿರುಬೆರಳು ಹಿಡಿದು ಹಿಂದಕ್ಕೆ ಮಡಚಿದ. ಲಟಕ್ಕೆಂದದ್ದು ನನಗೂ ಕೇಳಿಸಿತು. ಅವಳು ಕೂಗಲಿಲ್ಲ, ತೋರ್ಡಿಸ್. ಕೂಗಬಾರದೆಂದು ಆಗಲೇ ಕಲಿತಿದ್ದಳು. ನಾನು ಬೈಯಲು ಹೋದರೆ ನನ್ನ ಕೆನ್ನೆ ಸವರಿ, "ನೀನಿರೋವರ್ಗೂ ನಂಗೇನಮ್ಮ ಭಯ?" ಎಂದ.

ನಾಳೆ ಬೆಳಿಗ್ಗೆ ಪೊಲೀಸರ ಬಳಿ ಹೋಗುತ್ತೇನೆ. ಸುಳ್ಳು ಸಾಕ್ಷಿಗೆ ನನಗೂ ಜೈಲಾಗಬಹುದು, ಆಗಲಿ. ಈ ಪತ್ರವನ್ನು ನಿನ್ನ ಕೈಗೆ ಕೊಟ್ಟವಳೇ ಸುನ್ನಿವಾ. ಅವನು ಮೀನು ಹಿಡಿಯಲು ಹೋಗಿರುವಾಗಲೇ ಇದನ್ನು ಕೊಟ್ಟು ನಾನೇ ಅವಳನ್ನು ಹಡಗು ಹತ್ತಿಸುತ್ತಿದ್ದೇನೆ. ಅವಳನ್ನು ಒಳಗೆ ಕರೆ. ನನಗೆ ಬಾಗಿಲು ತೆಗೆಯದಿದ್ದರೂ ಸರಿಯೇ.

ನಿನ್ನ ಅಮ್ಮ,
ಬೋರ್ಗಿಲ್ಡ್

ತಾ.ಕ.: ಪೊಲೀಸರಿಗಿಂತ ಮೊದಲು ನಿನಗೆ ಹೇಳಬೇಕಾದದ್ದು ಇನ್ನೊಂದಿದೆ. ಆ ಸಂಜೆ, ಅವನಿಗಿಂತ ಮೊದಲು ನನ್ನ ಮನೆಗೆ ಮರಳುವ ಮುನ್ನ, ನಾನೂ ಅವರ ಮನೆಯಲ್ಲಿದ್ದೆ. ಮೊದಲ ಏಟಿಗೆ ಮರಿತ್ ಬಿದ್ದಳು, ಆದರೆ ಎಚ್ಚರ ತಪ್ಪಿರಲಿಲ್ಲ. ನನ್ನನ್ನೇ ನೋಡಿ, "ಅತ್ತೇ, ಇವ್ನ ಕೈ ಹಿಡ್ಕೊಳ್ಳಿ" ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವನಾಗಿಯೇ ನಿಲ್ಲಿಸುವವರೆಗೂ ನಿಂತೇ ಇದ್ದೆ.