ಕಪಾಟಿನೊಳಗಿನ ಒಣ ಕಾಗದ

ಮನೆಯಿಂದ,
ಆಗಸ್ಟ್ ೧೪, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಅಲ್ಲಿ ಪೈಪು ಹೊತ್ತು ಎಷ್ಟು ಮಹಡಿ ಹತ್ತುತ್ತೀರೋ ಎಂದು ದಿನಾ ನೆನೆಯುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ.

ಬಚ್ಚಲಮನೆಯ ಕಪಾಟಿನ ವಿಷಯ ಹೇಳಬೇಕು. ನೀವು ಹೊರಟ ದಿನ ಅದರೊಳಗೆ ನೀರು ಕಂಡು ಅಮ್ಮ, "ಊರ ನಲ್ಲಿಗೆಲ್ಲ ಡಾಕ್ಟರು, ಮನೆ ನಲ್ಲಿಗೆ ಮಾತ್ರ ನೆಗಡಿ" ಅಂದಿದ್ದು, ನೀವು "ಹಾಗಾದ್ರೆ ಬೇರೆ ಪ್ಲಂಬರ್‌ನ ಕರ್ಕೋ" ಅಂತ ಬ್ಯಾಗು ಎತ್ತಿಕೊಂಡಿದ್ದು ನೆನಪಿರಬೇಕು. ಅಮ್ಮ ಅಂದೇ ಕಪಾಟಿನ ಬಾಗಿಲು ಹಾಕಿ, "ಅವರೇ ಬಂದು ತೆಗೀಲಿ" ಅಂದುಬಿಟ್ಟಳು. ಎರಡು ಸಲ ರಜೆ ಸಿಕ್ಕರೂ ನೀವು ಬರಲಿಲ್ಲ. ನಾಲ್ಕು ತಿಂಗಳು ಯಾರೂ ಅದನ್ನು ಮುಟ್ಟಲಿಲ್ಲ. ಒಳಗೆ ನಿಮ್ಮ ಶೇವಿಂಗ್ ಸೋಪಿನ ವಾಸನೆ ಹಾಗೇ ಉಳಿದಿರುತ್ತದೆ ಎಂದು ನನಗೂ ಅದು ಮುಚ್ಚಿರುವುದೇ ಇಷ್ಟವಾಗಿತ್ತು.

ಕಳೆದ ವಾರ ಅಮ್ಮ ಅಂಗಡಿಗೆ ಹೋದಾಗ ತಡೆಯಲಾರದೆ ತೆಗೆದೆ. ಸೋಪಿನ ವಾಸನೆ ಎಲ್ಲಿಯದು! ಬೂಷ್ಟು ಮೂಗಿಗೆ ಬಡಿಯಿತು. ಹಿಂದಿನ ಹಲಗೆಯ ತುಂಬ ಕಪ್ಪು ಚುಕ್ಕೆ; ನಿಮ್ಮ ಬ್ರಶ್ಶಿಗೆ ಬೆಕ್ಕಿನ ಮರಿಯಂತೆ ಬೂದು ತುಪ್ಪಳ. ಅಳುವೇ ಬಂತು. ಆಮೇಲೆ ಹಳೆಯದು ನೆನಪಾಯಿತು. ಚಿಕ್ಕವಳಿದ್ದಾಗ ನಿಮ್ಮ ಸ್ಕ್ರೂ ಡಬ್ಬಿ ಹಿಡಿದು ಹಿಂದೆ ಹಿಂದೆ ಬರುತ್ತಿದ್ದೆನಲ್ಲ, ನನ್ನ ಪಾಲಿಗೆ ಒಂದೇ ಕೆಲಸ: ಎಲ್ಲಿ ಸೋರುತ್ತದೆಂದು ತಿಳಿಯಲು ಪೈಪಿನ ಪ್ರತಿ ಜಾಯಿಂಟಿಗೂ ಹಳೇ ಪೇಪರಿನ ಚೂರು ಸುತ್ತುವುದು. "ಕಣ್ಣು ಮೋಸ ಹೋಗುತ್ತೆ ಪುಟ್ಟಿ, ಕಾಗದ ಹೋಗಲ್ಲ" ಅನ್ನುತ್ತಿದ್ದಿರಿ. ಕಪಾಟಿನೊಳಗೆ ಹಾಯುವ ಪೈಪಿಗೂ ಹಾಗೇ ಸುತ್ತಿದೆ. ಗೋಡೆ ಪಕ್ಕದ ಚೂರು ಅರ್ಧ ಗಂಟೆಯಲ್ಲೇ ಒದ್ದೆಯಾಯಿತು. ನೀರು ನಿಲ್ಲಿಸಿ, ಜಾಯಿಂಟು ಬಿಚ್ಚಿ, ಹೊಸ ಟೇಪು ಸುತ್ತಿ ಬಿಗಿದು, ಮೇಲೆ ಮತ್ತೆ ಒಣ ಕಾಗದದ ಚೂರು ಸುತ್ತಿಟ್ಟೆ. ಹಲಗೆಯನ್ನು ಸೋಪುನೀರಿನಲ್ಲಿ ಉಜ್ಜಿ ಬಿಸಿಲಿಗಿಟ್ಟೆ. ಕಪಾಟನ್ನು ಗೋಡೆಯಿಂದ ಎರಡು ಬೆರಳು ಈಚೆ ಸರಿಸಿದ್ದೇನೆ. ಸ್ನಾನವಾದ ಮೇಲೆ ಅದರ ಬಾಗಿಲು ತೆರೆದೇ ಇಡುತ್ತೇನೆ, ಗಾಳಿಯಾಡಲಿ ಅಂತ. ಬ್ರಶ್ಶು ಮಾತ್ರ ಉಳಿಯಲಿಲ್ಲ, ಎಸೆದೆ. ಬೈಯಬೇಡಿ.

ಅಮ್ಮ ಬಂದು ರೇಗುತ್ತಾಳೆ ಎಂದು ಹೆದರಿ ಮೂಲೆಯಲ್ಲಿ ನಿಂತಿದ್ದೆ. ಅವಳು ಸುಮ್ಮನೆ ನೋಡಿ, "ಮುಚ್ಚಿಟ್ಟಿದ್ದು ಕೆಡದೆ ಇನ್ನೇನು" ಅಂದು ಒಳಗೆ ಹೋದಳು.

ಕೆಲಸದಲ್ಲಿ ಹುಷಾರು. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಪುಟ್ಟಿ

ಮರೆತಿದ್ದೆ: ವಾರದಿಂದ ಕಾಗದ ಒಣಗಿಯೇ ಇದೆ. ಆದರೂ ಅಮ್ಮ ದಿನಾ ಬಂದು ಮುಟ್ಟಿ ನೋಡುತ್ತಾಳೆ. ಇವತ್ತು ನೋಡಿದರೆ ಕಪಾಟಿನಲ್ಲಿ ಹೊಸ ಶೇವಿಂಗ್ ಬ್ರಶ್ಶು. ಇಟ್ಟವಳು ನಾನಲ್ಲ. ಅಲ್ಲಿ ಬೇರೆ ಕೊಳ್ಳಬೇಡಿ ಅಪ್ಪಾ, ಬನ್ನಿ.