ಬದಲಿ ವಾಲ್ವ್ ಹಾಕಿದ ದಿನ

ಅಪ್ಪಾ,

ನೀನು ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್ ಇವತ್ತು ಮತ್ತೆ ಹಾಡಿತು. ನೀನು ತೀರಿಹೋದ ಮೇಲೆ ಅದರ ವಾಲ್ವ್, ಆ ಗಾಜಿನ ಕೊಳವೆ, ಕೆಟ್ಟಿತ್ತು. ಅಂಥದ್ದು ಈಗೆಲ್ಲೂ ಸಿಗುವುದಿಲ್ಲ. ಅಂಗಡಿಯವರು ಬೇರೊಂದನ್ನು ಕೊಟ್ಟು, "ಪಿನ್ನೆಲ್ಲಾ ಅದೇ, ಸರಿಯಾಗಿ ಕೂತ್ಕೊಳ್ಳುತ್ತೆ" ಎಂದರು. ಕೂತರೆ ಸಾಕೇ ಎಂದು ನೀನು ಗದರಿದಂತಾಗಿ, ಮೊದಲು ಮೀಟರ್ ಹಿಡಿದು ನೋಡಿದೆ. ವಾಲ್ವ್ ಕೂರುವ ಸಾಕೆಟ್ಟಿನಲ್ಲಿ ಇನ್ನೂರು ವೋಲ್ಟ್ ದಾಟಿತ್ತು. ಹೊಸ ವಾಲ್ವ್ ತಡೆಯುವುದು ನೂರಮೂವತ್ತು ಮಾತ್ರ. ಹಾಗೇ ಹಾಕಿದ್ದರೆ ಹಾಳಾಗುತ್ತಿತ್ತು. ರೆಸಿಸ್ಟರ್ ಬದಲಿಸಿ ವೋಲ್ಟೇಜನ್ನು ನೂರಕ್ಕೆ ಇಳಿಸಿದೆ. ಬೆಸುಗೆಯ ಹೊಗೆ ಮೂಗಿಗೆ ಬಡಿದಾಗ, ನಿನ್ನ ತೊಡೆಯ ಮೇಲೆ ಕೂತು ತಂತಿ ಹಿಡಿದುಕೊಳ್ಳುತ್ತಿದ್ದ ದಿನಗಳು ನೆನಪಾದವು.

ವಾಲ್ವಿನೊಳಗೆ ಕೆಂಪು ಬೆಳಕು ಮೂಡಿದಾಗ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನಿನ್ನ ಕುರ್ಚಿಯಲ್ಲಿ ಕೂತಳು. ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ನಿನಗಿಷ್ಟವಾದ ಹಾಡು ಕೇಳಿಸಿದೆ. ಕಿವಿ ಮುಚ್ಚಿದ್ದರಿಂದ ಬೀದಿಗೆಲ್ಲಾ ಕೇಳುವಷ್ಟು ಜೋರಾಗಿ ಹೇಳಿದಳು: "ಯಾರೋ ಪಕ್ಕದಲ್ಲೇ ಕೂತು ಹಾಡ್ದಂಗಿದೆ ಕಣೇ. ನಿಮ್ಮಪ್ಪ ದಿನಾ ಕರೀತಿದ್ರು, ಬಾ, ಒಂದೇ ಒಂದು ಹಾಡು ಕೇಳು ಅಂತ. ಪಾತ್ರೆ ತೊಳ್ದು ಬರ್ತೀನಿ ಅಂತಿದ್ದೆ."

ಹಾಡು ಮುಗಿದ ಮೇಲೂ ಅವಳು ಹೆಡ್‌ಫೋನ್ ತೆಗೆಯಲಿಲ್ಲ. ನಾನೂ ಸ್ವಿಚ್ ಆರಿಸಲಿಲ್ಲ.