ಎರಡನೆಯ ಸದ್ದು

ಮ್ಯಾನ್‌ಹೈಮ್, ಜರ್ಮನಿ
೯ ಮೇ ೨೦೦೪, ಭಾನುವಾರ

ಪ್ರೀತಿಯ ಅವ್ವನಿಗೆ, ನಿನ್ನ ಕಿರಿಯ ಮಗ ಕಾಲು ಮುಟ್ಟಿ ಬರೆಯುವುದು.

ಹೇಗಿದ್ದೀಯ ಅವ್ವಾ? ಮೊಣಕಾಲಿನ ಊತ ಇಳಿಯಿತೇ? ಹನ್ನೊಂದನೆಯ ದಿನ ಬಂದವರನ್ನೆಲ್ಲ ನೀನು ನಿಂತುಕೊಂಡೇ ಮಾತನಾಡಿಸಿದೆಯೆಂದು ಮಾಚಣ್ಣ ಫೋನಿನಲ್ಲಿ ಹೇಳಿದ. ಕುರ್ಚಿ ತಂದಿಟ್ಟರೂ ಕೂರಲಿಲ್ಲವಂತೆ. ಅಪ್ಪ ಇದ್ದಿದ್ದರೆ ಗದರಿ ಕೂರಿಸುತ್ತಿದ್ದರು. ಈಗ ಆ ಕೆಲಸ ನಿನ್ನ ಹಿರಿಯ ಮಗ ಮಾಚಣ್ಣನ ಪಾಲಿಗೆ ಬಂದಿದೆ. ಅವನಿಗೆ ಗದರಲು ಬರುವುದಿಲ್ಲ, ಆದ್ದರಿಂದ ನೀನಾಗಿಯೇ ಕೂತುಬಿಡು. ಬಿ.ಪಿ. ಮಾತ್ರೆಯನ್ನು ತಿಂಡಿ ತಿಂದ ಮೇಲೆ ನುಂಗಬೇಕು, ತಿಂಡಿಯ ಬದಲಿಗೆ ಅಲ್ಲ. ಇಷ್ಟು ದೂರ ಕೂತು ಬುದ್ಧಿ ಹೇಳುವ ಮಗನಿಗೆ ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತು. ಆದರೂ ಬರೆದೆ.

ನಾನು ಚೆನ್ನಾಗಿದ್ದೇನೆ. ಊಟದ ಚಿಂತೆ ಬೇಡ. ಇಲ್ಲಿ ಪುರುಷೋತ್ತಮರಾಯರೆಂದು ಮೈಸೂರಿನ ವಿಜ್ಞಾನಿಯೊಬ್ಬರಿದ್ದಾರೆ ಎಂದು ಹಿಂದೆ ಬರೆದಿದ್ದೆನಲ್ಲ, ಮೂವತ್ತು ವರ್ಷದಿಂದ ಇದೇ ಊರಿನಲ್ಲಿರುವವರು. ಅಪ್ಪನ ಸುದ್ದಿ ತಿಳಿದಾಗಿನಿಂದ ಅವರ ಹೆಂಡತಿ ಕಲ್ಯಾಣಿ ಅಕ್ಕ ಒಂದು ದಿನ ಬಿಟ್ಟು ಒಂದು ದಿನ ಸಾರು, ಪಲ್ಯ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದಾರೆ. ಹಂದಿ ಮಾಂಸ ತಿನ್ನುವ ಕೊಡಗಿನವನಿಗೆ ದಿನವೂ ಬೇಳೆ ಸಾರು ಸೇರುತ್ತದೆಯೇ ಎಂದು ಅವರಿಗೆ ಅನುಮಾನ. ಸೇರುತ್ತದೆ ಅವ್ವಾ, ಈಗ ಏನು ಕೊಟ್ಟರೂ ಒಂದೇ ರುಚಿ. ಈ ಕಾಗದವನ್ನು ನಮ್ಮ ಕೊಡವ ಮಾತಿನಲ್ಲೇ ಬರೆಯಬೇಕೆಂದು ಕೂತೆ, ಕೈ ಓಡಲಿಲ್ಲ. ಮಾತಾಡುವುದು ಒಂದರಲ್ಲಿ, ಬರೆಯುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ನಮ್ಮೆಲ್ಲರ ಹಣೆಬರಹ ಅಷ್ಟೇ. ನಿನಗೆ ಹೇಳಲೇಬೇಕಾದದ್ದೊಂದಿದೆ, ಫೋನಿನಲ್ಲಿ ಹೇಳಲು ಎರಡು ವಾರದಿಂದ ಪ್ರಯತ್ನಪಟ್ಟೆ. ನಿನ್ನ ದನಿ ಕೇಳಿದ ಕೂಡಲೇ ಮಾತು ಮಾತ್ರೆಯ ಕಡೆಗೆ, ಮಳೆಯ ಕಡೆಗೆ ಹೊರಳುತ್ತದೆ.

ಅಪ್ಪ ಹೋದ ದಿನ ಮಾಚಣ್ಣ ಎಲ್ಲವನ್ನೂ ಹೇಳಿದ. ಹೇಗೆ ಮಲಗಿದ್ದರು, ಯಾರು ಯಾರು ಬಂದರು, ನೀನು ಅಳಲೇ ಇಲ್ಲ ಎನ್ನುವುದು. ಕೊನೆಗೆ ದನಿ ಇಳಿಸಿ, ಸಾವಿನ ಎರಡು ಗುಂಡು ಹಾರಿಸಲು ಆಗಲಿಲ್ಲ ಎಂದ. ಚುನಾವಣೆಯೆಂದು ಊರಿನವರ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಡಿಸಿಕೊಂಡಿದ್ದರಂತೆ. ನಮ್ಮ ಜೋಡುನಳಿಗೆಯೂ ಅಲ್ಲೇ, ನಂಬರು ಚೀಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿಕೊಂಡಿತ್ತಂತೆ. ಅವನು ಹೋಗಿ ಬೇಡಿಕೊಂಡನಂತೆ, ಅವರು ಮೇಲಿನವರನ್ನು ಕೇಳಬೇಕು ಎಂದರಂತೆ. ಪಕ್ಕದ ಮನೆಯವರು ಯಾರೋ ಪಟಾಕಿಯನ್ನಾದರೂ ಹಚ್ಚೋಣ ಎಂದಾಗ ನೀನು ಹೇಳಿದ ಮಾತನ್ನೂ ಹೇಳಿದ. “ಪಟಾಕಿ ಹಚ್ಚಿ ಕಳಿಸೋದಕ್ಕೆ ಇದೇನು ಮದುವೆ ದಿಬ್ಬಣವಾ?” ಅದನ್ನು ಕೇಳಿ ನಾನು ಇಲ್ಲಿ ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕೂತು ಜನರೆದುರಿಗೇ ಅತ್ತೆ. ಇಲ್ಲಿಯವರು ಒಳ್ಳೆಯವರು, ಅಳುವವನ ಕಡೆ ನೋಡುವುದಿಲ್ಲ.

ನನ್ನ ತಲೆಯಲ್ಲಿ ಆಮೇಲೆ ಅದೊಂದೇ ಕೂತಿತು. ನಿನಗೆ ನೆನಪಿದೆಯಲ್ಲ, ದೂರದಲ್ಲೆಲ್ಲೋ ಗುಂಡಿನ ಸದ್ದು ಕೇಳಿದರೆ ಅಪ್ಪ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಒಂದು ಬೆರಳು ಎತ್ತುತ್ತಿದ್ದರು. ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಎರಡನೆಯದು ಬಾರದಿದ್ದರೆ ಬೆರಳು ಇಳಿಸಿ, “ಗಂಡು ಮಗು” ಎಂದು ನಗುತ್ತಿದ್ದರು. ಅದರ ಬೆನ್ನಿಗೇ ಎರಡನೆಯದು ಬಂದರೆ ಸಾವು, ಯಾರ ಮನೆಯ ಕಡೆಯಿಂದ ಬಂತೆಂದು ಕಿವಿಯಲ್ಲೇ ಅಳೆದು, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಊಟಕ್ಕೆ ಕೂತಿದ್ದರೂ ಅಷ್ಟೇ. ದನದ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಕಾಂಪೌಂಡರಾಗಿದ್ದವರು ಸುತ್ತಲಿನ ಎಷ್ಟು ಮನೆಗಳಿಗೆ ಹಾಗೆ ನಡೆದು ಹೋಗಿದ್ದಾರೋ ಲೆಕ್ಕವಿಲ್ಲ. ಅಂಥವರು ಹೋದಾಗ ಯಾರ ಕಿವಿಗೂ ಏನೂ ಬೀಳಲಿಲ್ಲ. ಬರುವವರಿಗೆಲ್ಲ ಫೋನ್ ಮಾಡಿ ಹೇಳಬೇಕಾಯಿತು. ನನಗೂ ಫೋನಿನಲ್ಲೇ.

ಆದ್ದರಿಂದ ನಾನು ಇಲ್ಲಿ ಒಂದು ಪಿಸ್ತೂಲು ಕೊಂಡೆ. ಗಾಬರಿಯಾಗಬೇಡ, ಅದರಲ್ಲಿ ಗುಂಡಿಲ್ಲ, ಬರೀ ಮದ್ದು ಮತ್ತು ಸದ್ದು. ಇಲ್ಲಿಯವರು ಹೊಸ ವರ್ಷಕ್ಕೆ, ನಾಯಿ ಪಳಗಿಸುವುದಕ್ಕೆ ಕೊಳ್ಳುತ್ತಾರೆ, ವಯಸ್ಸಿನ ಪುರಾವೆ ತೋರಿಸಿದರೆ ಕೊಡುತ್ತಾರೆ. ಬೇಟೆ ಸಾಮಾನಿನ ಅಂಗಡಿಯವನು ಗಾಜಿನ ಮೇಲೆ ಎರಡು ಇಟ್ಟ. ಒಂದು ದುಬಾರಿ, ಕೈಗೆ ತೂಕವಾಗಿ ಕೂರುವಂಥದ್ದು. ಇನ್ನೊಂದು ಅದರ ಮೂರನೆಯ ಒಂದು ಭಾಗದ ಬೆಲೆಯದು, ಹಗುರ, ಎರಕದ ಲೋಹದ್ದು, ಅಂಚು ಒರಟು. ಅಗ್ಗದ್ದು ಕೊಂಡರೆ ಆದೀತೇ ಎಂದು ಕೇಳಿದೆ. ಅವನು ಪ್ರಾಮಾಣಿಕ. ಸುಮಾರಾಗಿ ಹಾರುತ್ತದೆ, ಆಗಾಗ ಖಾಲಿ ತೋಟಾ ಹೊರಗೆ ಬೀಳದೆ ಸಿಕ್ಕಿಕೊಳ್ಳುತ್ತದೆ, ದಿನವೂ ಬಳಸುವವರಿಗೆ ಕೊಡುವುದಿಲ್ಲ ಎಂದ. ಎಷ್ಟು ಸಲ ಹಾರಿಸುತ್ತೀರಿ ಎಂದು ಕೇಳಿದ. ಎರಡು ಸಲ ಎಂದೆ. ವರ್ಷಕ್ಕೆ ಎರಡೇ ಎಂದು ಕೇಳಿದ. ಅಲ್ಲ, ಒಟ್ಟಿಗೇ ಎರಡು, ಆಮೇಲೆ ಎಂದೂ ಇಲ್ಲ ಎಂದೆ. ಹಾಗಾದರೆ ಇದೇ ಧಾರಾಳ ಎಂದು ನಕ್ಕು ಅಗ್ಗದ್ದನ್ನೇ ಕಟ್ಟಿಕೊಟ್ಟ. ಮನೆಯಲ್ಲಿ ಇಟ್ಟುಕೊಳ್ಳಬಹುದು, ಪರವಾನಗಿ ಇಲ್ಲದೆ ಬೀದಿಗೆ ಒಯ್ಯುವಂತಿಲ್ಲ ಎಂದೂ ಹೇಳಿದ. ಕೇಳಿಸಿಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪ್ಪನ ಮಾತು ನೆನಪಿಗೆ ಬಾರದೆ ಇರಲಿಲ್ಲ. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಕರು ತೋರಿಸಲು ಆಸ್ಪತ್ರೆಗೆ ಬಂದವನೊಬ್ಬ ಕೈಚೀಲದಿಂದ ಪಿಸ್ತೂಲೊಂದನ್ನು ಎಳೆದಿದ್ದ. ಅಗ್ಗಕ್ಕೆ ಸಿಗುತ್ತಿದೆ ಡಾಕ್ಟರೇ, ಕೊಳ್ಳಲೇ ಎಂದು ಕೇಳಿದ್ದ. ಅಪ್ಪನನ್ನು ಎಲ್ಲರೂ ಡಾಕ್ಟರೇ ಎಂದೇ ಕರೆಯುತ್ತಿದ್ದರಲ್ಲ, ಡಾಕ್ಟರು ಎದುರಿಗೇ ಕೂತಿದ್ದರೂ. ಅಪ್ಪ ಅದನ್ನು ಮುಟ್ಟಲಿಲ್ಲ. “ಕೋವಿಯಾದರೆ ಗದ್ದೆಗೆ ಬಂದ ಹಂದಿ ಓಡಿಸಬಹುದು. ಹಬ್ಬಕ್ಕೆ ತೆಂಗಿನಕಾಯಿಗೆ ಹೊಡೀಬಹುದು. ಹುಟ್ಟಿದವನಿಗೆ ಒಂದು, ಸತ್ತವನಿಗೆ ಎರಡು ಹಾರಿಸಬಹುದು. ಇದರಲ್ಲಿ ಎದುರಿಗಿರೋ ಮನುಷ್ಯನಿಗೆ ಹೊಡೆಯೋದು ಬಿಟ್ಟು ಬೇರೇನೂ ಆಗೋದಿಲ್ಲ. ಅಗ್ಗದ್ದಾದರೆ ಅದೂ ಸಮಯಕ್ಕಾಗೋದಿಲ್ಲ.” ಆ ಮನುಷ್ಯ ಪೆಚ್ಚಾಗಿ ಪಿಸ್ತೂಲು ಒಳಗಿಟ್ಟ, ಕರುವಿಗೆ ಔಷಧಿ ಕುಡಿಸಿಕೊಂಡು ಹೋದ. ಈ ಮಾತನ್ನು ಗೆಳೆಯರಿಗೆಲ್ಲ ಎಷ್ಟು ಸಲ ಹೇಳಿ ನಗಿಸಿದ್ದೇನೋ. ಹಾಗಿದ್ದೂ ಅವರಿಗೋಸ್ಕರವೇ ಅಂಥದ್ದನ್ನು ಕೊಂಡೆ ನೋಡು. ಎರಡೇ ಸದ್ದಲ್ಲವೇ ಎಂದುಕೊಂಡೆ.

ಹನ್ನೊಂದನೆಯ ದಿನ, ಎರಡು ವಾರದ ಹಿಂದಿನ ಶನಿವಾರ, ಅಲ್ಲಿ ನೀವೆಲ್ಲ ಎಲೆ ಹಾಕುವ ಹೊತ್ತಿಗೆ ಇಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಪಿಸ್ತೂಲನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ರೈನ್ ನದಿಯ ದಂಡೆಗೆ ಹೋದೆ. ಹುಲ್ಲು ಆಗಷ್ಟೇ ಕತ್ತರಿಸಿದ್ದರು. ಯಾರೂ ಇಲ್ಲವೆಂದುಕೊಂಡೆ. ಒಂದು ಕಲ್ಲಿನ ಮೇಲೆ ಅಪ್ಪನ ಫೋಟೋ ಇಟ್ಟೆ, ಆಸ್ಪತ್ರೆಯ ಗೇಟಿನ ಮುಂದೆ ಕೊಡೆ ಹಿಡಿದು ನಿಂತಿರುವುದು. ಕೈ ಮೇಲೆತ್ತಿ ಒತ್ತಿದೆ. ಸದ್ದು ಚೆನ್ನಾಗಿಯೇ ಬಂತು ಅವ್ವಾ, ಎದುರು ದಂಡೆಗೆ ಬಡಿದು ವಾಪಸು ಬಂತು. ನೀರಿನ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಮತ್ತೆ ಒತ್ತಿದೆ. ಹಾರಲಿಲ್ಲ. ಒತ್ತಿದೆ, ಅಲುಗಾಡಿಸಿದೆ, ತೊಡೆಗೆ ಬಡಿದೆ. ಅಂಗಡಿಯವನು ಹೇಳಿದ ಹಾಗೆಯೇ ಖಾಲಿ ತೋಟಾ ಅಡ್ಡಕ್ಕೆ ಸಿಕ್ಕಿಕೊಂಡಿತ್ತು. ಕೀಲಿಕೈ ತೂರಿಸಿ ಮೀಟಿದೆ, ಬೆರಳು ಕೊಯ್ದುಕೊಂಡೆ. ಹಕ್ಕಿಗಳು ಒಂದು ಸುತ್ತು ಹಾಕಿ ಮತ್ತೆ ನೀರಿಗೆ ಇಳಿದವು. ಅಪ್ಪ ಬೆರಳೆತ್ತಿ ಎರಡನೆಯದಕ್ಕೆ ಕಾಯುತ್ತಿದ್ದಾರೆ, ಈ ಮಗನಿಗೆ ಅದೊಂದನ್ನೂ ಸರಿಯಾಗಿ ಮಾಡಲು ಬರಲಿಲ್ಲ ಎನ್ನಿಸಿ ಆ ಹುಲ್ಲಿನ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ಪೊಲೀಸರು ಬಂದರು. ನಾಯಿ ಕರೆದುಕೊಂಡು ಬಂದಿದ್ದ ಹೆಂಗಸೊಬ್ಬಳು ಫೋನ್ ಮಾಡಿದ್ದಳಂತೆ. ಅವಳದು ತಪ್ಪೇನು, ಕಪ್ಪು ಮನುಷ್ಯನೊಬ್ಬ ಪಿಸ್ತೂಲಿಗೆ ಕೀಲಿಕೈ ಹಾಕಿ ತಿರುಗಿಸುತ್ತಾ ಅಳುತ್ತಿದ್ದರೆ ಯಾರಾದರೂ ಹೆದರುತ್ತಾರೆ. ದೂರದಲ್ಲೇ ನಿಂತು, ಕೆಳಗಿಡು ಎಂದು ಕೂಗಿದರು. ಇಟ್ಟೆ. ಇಬ್ಬರಲ್ಲಿ ಒಬ್ಬ ವಯಸ್ಸಾದವನು. ನನ್ನ ಹರಕುಮುರುಕು ಜರ್ಮನ್ ಭಾಷೆಯಲ್ಲಿ ಒಂದು ಸದ್ದಿನದು, ಎರಡು ಸದ್ದಿನದು ಎಲ್ಲ ಹೇಳಿದೆ. ಆ ವಯಸ್ಸಾದವನು ಅಪ್ಪನ ಫೋಟೋವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಅವನ ಹಳ್ಳಿಯಲ್ಲಿ ಕೋವಿ ಸಂಘದ ಹಿರಿಯರು ತೀರಿಕೊಂಡರೆ ಸಮಾಧಿಯ ಬಳಿ ಮೂರು ಸಲ ಹಾರಿಸುತ್ತಾರಂತೆ. “ಆದರೆ ಅವರು ಮೊದಲು ಕಾಗದ ಮಾಡಿಸಿಕೊಳ್ಳುತ್ತಾರೆ” ಎಂದ. ಬೈಯುವ ದನಿಯಲ್ಲಿ ಅಲ್ಲ. ಆಮೇಲೆ ಕೇಸು ಬರೆದ, ಪಿಸ್ತೂಲು ಚೀಲಕ್ಕೆ ಹಾಕಿದ, ಬೆರಳಿಗೆ ಪಟ್ಟಿ ಕೊಟ್ಟ. ಪುರುಷೋತ್ತಮರಾಯರು ಠಾಣೆಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ಮನೆಗೆ ಬಂದ ಮೇಲೆ, ನಮ್ಮನ್ನು ಕೇಳಿದ್ದರೆ ದಾರಿ ಹೇಳುತ್ತಿರಲಿಲ್ಲವೇನಪ್ಪ ಎಂದರು. ದಂಡ ಕಟ್ಟಿದರೆ ಮುಗಿಯಬಹುದು, ಆದರೆ ವೀಸಾ ಕಚೇರಿಗೂ ಇದರ ಪ್ರತಿ ಹೋಗಬಹುದು ಎನ್ನುತ್ತಾರೆ.

ಈಗ ಹೇಳಲೇಬೇಕಾದದ್ದಕ್ಕೆ ಬಂದೆ. ಪಾಸ್‌ಪೋರ್ಟು ವೀಸಾ ಕಚೇರಿಯಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಬರಲಾಗುವುದಿಲ್ಲ ಎಂದು ಮಾಚಣ್ಣನಿಗೆ ಹೇಳಿದ್ದೆನಲ್ಲ, ನೀನೂ ಬಂದವರಿಗೆಲ್ಲ ಅದನ್ನೇ ಹೇಳಿದೆಯಂತೆ. ಅದು ಸುಳ್ಳು ಅವ್ವಾ. ಪಾಸ್‌ಪೋರ್ಟು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಹಳೆಯ ಕಂಪನಿ ಫೆಬ್ರವರಿಯಲ್ಲಿ ಮುಚ್ಚಿತು, ಹೊಸ ಕಂಪನಿಯ ಹೆಸರಿಗೆ ಗ್ರೀನ್ ಕಾರ್ಡು, ಅಂದರೆ ಇಲ್ಲಿಯ ಕೆಲಸದ ಪರವಾನಗಿ, ಬದಲಾಗುವವರೆಗೆ ದೇಶ ಬಿಟ್ಟು ಹೋದರೆ ಮತ್ತೆ ಒಳಗೆ ಬಿಡುವುದು ಖಾತ್ರಿಯಿಲ್ಲ ಎಂದು ವೀಸಾ ಕಚೇರಿಯಲ್ಲಿ ಕಿಟಕಿಯಾಚೆಯ ಹೆಂಗಸು ಹೇಳಿದ್ದಳು. ಹೋಗಬೇಡ ಎನ್ನಲಿಲ್ಲ. ಖಾತ್ರಿಯಿಲ್ಲ ಎಂದಳು, ಅಷ್ಟೇ. ಅಪ್ಪ ಹೋದ ರಾತ್ರಿಯ ವಿಮಾನದಲ್ಲಿ ಜಾಗವೂ ಇತ್ತು, ನೋಡಿದ್ದೆ. ಹತ್ತಿದ್ದರೆ ಮಣ್ಣಿಗೆ ಅಲ್ಲದಿದ್ದರೂ ಹನ್ನೊಂದಕ್ಕಂತೂ ನಿನ್ನ ಪಕ್ಕ ನಿಂತಿರುತ್ತಿದ್ದೆ. ಕೆಲಸ ಹೋದೀತೆಂದು ಹೆದರಿ ಕೂತೆ. ಆಮೇಲೆ ಆ ಪಾಪ ಕಳೆಯಲು ಅಂಗಡಿಗೆ ಹೋಗಿ ಸಿಕ್ಕಿದ್ದರಲ್ಲೆಲ್ಲ ಅಗ್ಗದ್ದನ್ನು ಕೊಂಡೆ. ಯಾವ ಕೆಲಸಕ್ಕಾಗಿ ಅಪ್ಪನ ಮುಖ ನೋಡಲಿಲ್ಲವೋ ಆ ಕೆಲಸವನ್ನೇ ಈಗ ಆ ಪಿಸ್ತೂಲು ಕಳೆಯಬಹುದು. ಕಳೆದರೆ ಬೇಸರವಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಬೇಸರವಿದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಸುಳ್ಳನ್ನು ನಿನ್ನ ಬಾಯಿಂದ ಹೇಳಿಸಿದ್ದಕ್ಕೆ ನಾಚಿಕೆಯಾಗುತ್ತದೆ.

ಬೈಯಬೇಕೆಂದರೆ ಬೈದು ಕಾಗದ ಹಾಕು, ಮಾಚಣ್ಣನ ಕೈಯಲ್ಲಿ ಬರೆಸಬೇಡ, ನೀನೇ ಬರೆ. ಕೇಸಿನ ತೀರ್ಮಾನದ ಕಾಗದ ಜೂನ್‌ನಲ್ಲಿ ಬರುತ್ತದಂತೆ. ಏನೇ ಬರಲಿ, ಅದಾದ ಮೇಲಿನ ಮೊದಲ ವಿಮಾನಕ್ಕೆ ಹೊರಡುತ್ತೇನೆ. ಆಗ ವಾಪಸು ಬಿಡುವುದು ಖಾತ್ರಿಯೇ ಎಂದು ಯಾರನ್ನೂ ಕೇಳುವುದಿಲ್ಲ. ಅಪ್ಪನ ಕೊಡೆ, ಕನ್ನಡಕ ಯಾರಿಗೂ ಕೊಟ್ಟುಬಿಡಬೇಡ. ಅತ್ತಿಗೆಗೂ ಮಾಚಣ್ಣನಿಗೂ ನನ್ನ ನೆನಪು ತಿಳಿಸು. ಮಣೆಯ ಮೇಲಾದರೂ ಸರಿ, ದಯವಿಟ್ಟು ಕೂತುಕೋ.

ನಿನ್ನ ಆಶೀರ್ವಾದ ಬೇಡುವ,
ಬೆಳ್ಯಪ್ಪ

ಲಕೋಟೆ ಅಂಟಿಸುವ ಮುಂಚೆ ಇದೊಂದು: ಮತ ಎಣಿಕೆ ಮುಗಿದ ಮೇಲೆ ಕೋವಿ ವಾಪಸು ಕೊಡುತ್ತಾರಂತಲ್ಲ. ತಂದ ದಿನವೇ ಅಪ್ಪನಿಗಾಗಿ ಎರಡು ಹಾರಿಸಬೇಕೆಂದು ಮಾಚಣ್ಣ ಅಂದುಕೊಂಡಿದ್ದಾನೆ. ಬೇಡ ಅನ್ನು. ಅಂಗಳದಲ್ಲಿ ನಿಂತು ಒಂದೇ ಒಂದು ಹಾರಿಸಲಿ, ಇನ್ನೊಂದು ತೋಟಾವನ್ನು ನಳಿಗೆಯಿಂದ ತೆಗೆದಿಟ್ಟುಬಿಡಲಿ. ಒಂದೇ ಸದ್ದು ಕೇಳಿ ಯಾರಾದರೂ ನಗುತ್ತಾ ಬಂದು, ಗಂಡು ಮಗುವೇ ಎಂದು ಕೇಳಿದರೆ, ಅಲ್ಲ, ಇದು ಎರಡನೆಯದು, ಮೊದಲನೆಯದು ಆಗಲೇ ಆಗಿತ್ತು, ದೂರವಾದ್ದರಿಂದ ನಿಮಗೆ ಕೇಳಿಸಲಿಲ್ಲ ಎಂದು ಹೇಳು.